ನೀರಿಗೆ ಮುಖ ಮಾಡಿದ ಮನೆ

ಕೆರೆ ಏರಿಯ ಮೇಲೆ ನಡೆಯುವವರಿಗೆ ಸಿಗುವ ಒಂದು ಸುಖವನ್ನು ಹೊಳೆಯ ದಡವಾಗಲಿ ಕಡಲ ತೀರವಾಗಲಿ ಕೊಡಲಾರದು. ಒಂದು ಕಡೆ ನೀರು ಹೆಜ್ಜೆಗೆ ಸಮೀಪದಲ್ಲೇ ಇರುತ್ತದೆ. ಇನ್ನೊಂದು ಕಡೆ ನೆಲ ಒಂದಾಳೋ ಎರಡಾಳೋ ಕೆಳಕ್ಕೆ ಇಳಿದಿರುತ್ತದೆ. ಕೆಳಗಿನ ತೋಟದ ತೆಂಗಿನ ಗರಿ ಕಣ್ಣಿನ ಮಟ್ಟಕ್ಕೆ ಸಿಗುತ್ತದೆ. ನೀರು ಮೇಲೆ, ಪೈರು ಕೆಳಗೆ, ನಡುವೆ ಮಣ್ಣಿನದೊಂದು ದಪ್ಪ ಗೋಡೆ, ಅದರ ನೆತ್ತಿಯ ಮೇಲೆ ನಾವು. ದಕ್ಷಿಣ ಬೆಂಗಳೂರಿನ ಗೊಟ್ಟಿಗೆರೆಯಲ್ಲಿ ಇವತ್ತು ತೆಂಗಿನ ಗರಿಗಿಂತ ತಾರಸಿಗಳೂ ಅವುಗಳ ಮೇಲಿನ ಕಪ್ಪು ನೀರಿನ ಟ್ಯಾಂಕುಗಳೂ ಹೆಚ್ಚು. ಆದರೂ ಆ ಸುಖ ಉಳಿದಿದೆ. ಬನ್ನೇರುಘಟ್ಟ ರಸ್ತೆಯ ಸದ್ದು ಒಂದಿಷ್ಟು ಹಿಂದೆ ಸರಿಯುತ್ತದೆ, ಬಯಲಿನ ಗಾಳಿ ಮುಖಕ್ಕೆ ತಗಲುತ್ತದೆ.

ಈ ಏರಿಯನ್ನು ನಾನು ಕಟ್ಟಡವೆಂದೇ ನೋಡುತ್ತೇನೆ. ಬೆಂಗಳೂರಿನ ಕೆರೆಗಳಲ್ಲಿ ತಾನಾಗಿ ಹುಟ್ಟಿದ್ದು ಒಂದೂ ಇಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ದಿಣ್ಣೆಯ ಊರಿನಲ್ಲಿ ಬಿದ್ದ ಮಳೆ ನಿಲ್ಲದೆ ಮೂರು ಕಣಿವೆಗಳಾಗಿ ಇಳಿದು ಹೋಗಿಬಿಡುತ್ತದೆ. ಪಡುವಣಕ್ಕೆ ಹರಿದದ್ದು ವೃಷಭಾವತಿಯಾಗಿ ಅರ್ಕಾವತಿಯ ಮೂಲಕ ಕಾವೇರಿಗೆ, ಮೂಡಣಕ್ಕೆ ಹರಿದದ್ದು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಓಡುವ ಆ ನೀರಿಗೆ ಅಡ್ಡ ನಿಂತು ಇಲ್ಲಿಯ ಜನ ಮಣ್ಣು ಪೇರಿಸಿದರು. ಹಾಗಾಗಿ ಈ ಊರಿನಲ್ಲಿ ನೀರಂಚಿನ ವಾಸ್ತುಶಿಲ್ಪದ ಮಾತು ದಂಡೆಯ ಮೇಲಿನ ಕಟ್ಟಡದಿಂದ ಶುರುವಾಗುವ ಹಾಗಿಲ್ಲ. ದಂಡೆಯೇ ಮೊದಲ ಕಟ್ಟಡ. ಆಮೇಲೆ ಬರುವ ಮನೆ, ಅಂಗಡಿ, ಕಚೇರಿ ಎಲ್ಲವೂ ಅದಕ್ಕೆ ಸೇರಿಸಿದ ಅಂಕಣಗಳು.

ಏರಿಯ ಚೆಲುವು ಅದರ ಗೆರೆಯಲ್ಲಿದೆ. ಅದು ಅಳತೆಪಟ್ಟಿ ಹಿಡಿದು ಎಳೆದ ಗೆರೆಯಂತೆ ಕಾಣುವುದಿಲ್ಲ. ಎರಡು ದಿಬ್ಬಗಳ ನಡುವಿನ ತಗ್ಗನ್ನು ಹುಡುಕಿ, ಅತಿ ಕಡಿಮೆ ಮಣ್ಣಿಗೆ ಅತಿ ಹೆಚ್ಚು ನೀರು ನಿಲ್ಲುವ ಜಾಗವನ್ನು ಕಣ್ಣಿನಲ್ಲೇ ಅಳೆದು, ನೆಲದ ಏರುಪೇರನ್ನು ಒಪ್ಪಿಕೊಂಡು ಬಾಗಿದ ಗೆರೆ ಅದು. ತುದಿಗಳಲ್ಲಿ ಏರಿ ಎಲ್ಲಿ ಮುಗಿಯಿತು, ದಿಬ್ಬ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ನೀರಿನ ಕಡೆಯ ಇಳಿಜಾರಿಗೆ ಕಲ್ಲು ಹೊದಿಸಿರುತ್ತಾರೆ, ಅಲೆ ಬಡಿದರೂ ಮಣ್ಣು ಕರಗದಂತೆ. ಹಿಂದಿನ ಇಳಿಜಾರಿನಲ್ಲಿ ಹುಲ್ಲು, ಹುಣಸೆ, ಹೊಂಗೆ. ಕಟ್ಟಡದ ಮುಖಕ್ಕೂ ಬೆನ್ನಿಗೂ ಬೇರೆ ಬೇರೆ ಕೆಲಸವಿದೆ ಎಂಬ ಅರಿವು ಇಲ್ಲಿದೆ. ಹೊಸ ಗಾಜಿನ ಕಟ್ಟಡಗಳಲ್ಲಿ ನನಗೆ ಕಾಣಸಿಗದ ಅರಿವು ಇದೇ. ಪೂರ್ವದ ಬಿಸಿಲಿಗೂ ಪಶ್ಚಿಮದ ಬಿಸಿಲಿಗೂ ಅವು ಒಂದೇ ಮುಖ ಕೊಡುತ್ತವೆ.

ತೂಬಿನ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕು. ಹಳೆಯ ಕೆರೆಗಳಲ್ಲಿ ಏರಿಯ ಒಳಮಗ್ಗುಲಿಗೆ ನೀರಿನೊಳಗಿಂದ ಎದ್ದು ನಿಂತ ಎರಡು ಕಲ್ಲುಕಂಬಗಳು, ಅವುಗಳ ನಡುವೆ ತೂತು ಕೊರೆದ ಅಡ್ಡಚಪ್ಪಡಿಗಳು. ಆ ತೂತುಗಳ ಮೂಲಕ ಉದ್ದನೆಯ ಮರದ ಕೋಲೊಂದು ಕೆಳಗಿಳಿದು ತಳದ ಕಂಡಿಯನ್ನು ಮುಚ್ಚುತ್ತದೆ. ಕೋಲನ್ನು ಮೇಲೆತ್ತಿದರೆ ಏರಿಯ ಹೊಟ್ಟೆಯೊಳಗಿನ ಕಲ್ಲುಗಾಲುವೆಯಲ್ಲಿ ನೀರು ಆಚೆ ಬದಿಯ ಗದ್ದೆಗೆ ಹರಿಯುತ್ತದೆ. ಎಷ್ಟು ಎತ್ತಬೇಕು, ಯಾರ ಪಾಲಿಗೆ ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ನೀರುಗಂಟಿ ತಿಳಿದಿರುತ್ತಿದ್ದ. ಕೆಲವು ಕಡೆ ಕಂಬಗಳ ಮೇಲಿನ ತೊಲೆಗೆ ಗಜಲಕ್ಷ್ಮಿಯನ್ನು ಕೆತ್ತಿರುತ್ತಾರೆ. ಇಡೀ ಕೆರೆಯಲ್ಲಿ ಕಲ್ಲುಕುಟಿಗ ಉಳಿಯ ನಯ ತೋರಿಸಿದ್ದು ಆ ಒಂದೇ ಕಡೆ, ನೀರು ಊರಿನ ಕೈಗೆ ಬರುವ ಬಾಗಿಲಲ್ಲಿ. ಅಲಂಕಾರ ಎಲ್ಲಿರಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಹದವಾದ ಉತ್ತರವನ್ನು ನಾನು ಯಾವ ಅರಮನೆಯಲ್ಲೂ ನೋಡಿಲ್ಲ.

ಗೊಟ್ಟಿಗೆರೆಯ ನೀರು ಇಳಿಯುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೆಳಭಾಗದ ಅಗರದಲ್ಲಿ ಸುಮಾರು ಕ್ರಿ.ಶ. 870ರ ಗಂಗರ ಕಾಲದ ಶಾಸನವೊಂದಿದೆ. ಇರುಗಮಯ್ಯನೆಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಅದಕ್ಕಾಗಿ ಬಿತ್ತುವಟ್ಟ ಪಡೆದ ಸಂಗತಿ ಅದರಲ್ಲಿದೆ. ಕೆರೆ ಕಟ್ಟಿದವನಿಗೆ, ಕೆರೆ ನೋಡಿಕೊಳ್ಳುವವನಿಗೆ ಅಚ್ಚುಕಟ್ಟಿನ ಭೂಮಿಯಲ್ಲಿ ಸಲ್ಲುತ್ತಿದ್ದ ಪಾಲು ಬಿತ್ತುವಟ್ಟ. ಕಟ್ಟುವ ಖರ್ಚಿನ ಜೊತೆಗೇ ಕಾಪಾಡುವ ಖರ್ಚನ್ನೂ ಕಲ್ಲಿನಲ್ಲಿ ಬರೆಸಿಟ್ಟರು. ಗೊಟ್ಟಿಗೆರೆಗೆ ಹತ್ತಿರದ ಬೇಗೂರಿನಲ್ಲಿ ನಾಗೇಶ್ವರನ ಗುಡಿ ಇದೆ. ಬೆಂಗಳೂರು ಎಂಬ ಹೆಸರನ್ನು ಹೇಳುವ, ಸುಮಾರು 900ರ ವೀರಗಲ್ಲಿನ ಶಾಸನ ಸಿಕ್ಕಿದ್ದು ಅಲ್ಲಿಯೇ. ಬನ್ನೇರುಘಟ್ಟ ರಸ್ತೆ ಎಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ಸೀಮೆಯ ಜನ ನೀರಿನ ದಂಡೆಯಲ್ಲಿ ಬಾಳುವುದು ಹೇಗೆಂದು ಕಲಿತಿದ್ದರು.

ಏರಿ, ತೂಬುಗಳ ನಂತರ ಕೆರೆಯ ಮೂರನೆಯ ಅಂಗ ಕೋಡಿ. ಕೆರೆ ತುಂಬಿ ಹೆಚ್ಚಾದ ನೀರು ಏರಿಯನ್ನು ಮುಟ್ಟದೆ, ಪಕ್ಕದ ಗಟ್ಟಿ ನೆಲದ ಮೇಲಿಂದ ಹಾಯುವಂತೆ ಬಿಟ್ಟ ದಾರಿ. ಕಲ್ಲಿನ ಹೊಸ್ತಿಲು, ಅದರಾಚೆ ಕಾಲುವೆ, ಕಾಲುವೆಯ ಕೊನೆಗೆ ಮುಂದಿನ ಕೆರೆ. ಗೊಟ್ಟಿಗೆರೆಯ ನೀರು ಹುಳಿಮಾವು ಕೆರೆಗೆ, ಅಲ್ಲಿಂದ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ. ಸರಣಿಯ ಮೇಲ್ತುದಿಯಲ್ಲಿರುವುದು ಗೊಟ್ಟಿಗೆರೆಯ ಭಾಗ್ಯ, ಅದರ ಹೊಣೆಯೂ ಹೌದು. ಇಲ್ಲಿ ಕೊಳೆತದ್ದು ಕೆಳಗಿನ ಎಲ್ಲರ ನೀರಲ್ಲೂ ಸೇರುತ್ತದೆ. ಇಲ್ಲಿ ತಿಳಿಯಾದದ್ದು ಎಲ್ಲರಿಗೂ ತಿಳಿ. ಕೆರೆ ಕೋಡಿ ಬಿದ್ದ ದಿನ ಹಳ್ಳಿಗಳಲ್ಲಿ ಬಾಗಿನ ಕೊಡುತ್ತಾರೆ, ಗಂಗಮ್ಮನಿಗೆ ಪೂಜೆ ಮಾಡುತ್ತಾರೆ. ತಮ್ಮ ಕೆರೆ ತುಂಬಿದ್ದಕ್ಕೆ ಮಾತ್ರ ಮಾಡುವ ಹಬ್ಬವೆಂದು ಅದನ್ನು ನಾನು ತಿಳಿಯುವುದಿಲ್ಲ. ಮುಂದಿನವರಿಗೆ ನೀರು ಹೊರಟಿತು ಎಂಬ ಸಂತೋಷವೂ ಅದರಲ್ಲಿ ಬೆರೆತಿದೆ.

ಈಗ ನೀರಂಚಿನಲ್ಲಿ ಕಟ್ಟುವವರು ಬಹಳ ಬಳಸುವ ಮಾತು ಮಿಶ್ರ ಬಳಕೆ. ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆ, ಎದುರಿಗೆ ನಡೆಯುವ ಹಾದಿ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಮನೆಯಿಂದ ಇಳಿದು ಬಂದು ಹಾಲು ತರಬಹುದಾದ, ನಡೆದೇ ಕೆಲಸಕ್ಕೆ ಹೋಗಬಹುದಾದ ಕಟ್ಟಡ ಎಷ್ಟೋ ಪೆಟ್ರೋಲು ಉಳಿಸುತ್ತದೆ, ಎಷ್ಟೋ ಒಂಟಿತನವನ್ನೂ ಕಳೆಯುತ್ತದೆ. ನಮ್ಮ ಪೇಟೆಬೀದಿಗಳೆಲ್ಲ ಹಾಗೆಯೇ ಇದ್ದವು. ಚಿಕ್ಕಪೇಟೆಯಲ್ಲಿ ಮುಂದೆ ಮಳಿಗೆ, ಹಿಂದೆ ಮನೆ. ಆದರೆ ಹಳೆಯ ಕೆರೆ ದಂಡೆಯ ಬೆರಕೆ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ಬಳಕೆಗಳು ಜಾಗದ ಮೇಲೆ ಮಾತ್ರ ಹಂಚಿಕೆಯಾಗಿರಲಿಲ್ಲ, ತಿಂಗಳುಗಳ ಮೇಲೂ ಹಂಚಿಕೆಯಾಗಿದ್ದವು. ಮಳೆಗಾಲ ಕಳೆದು ತುಂಬಿದ ಕೆರೆಯಲ್ಲಿ ಮೀನು, ಅಗಸರ ಕಲ್ಲಿನ ಸದ್ದು, ದೇವರ ತೆಪ್ಪ. ಮಾಗಿಯಲ್ಲಿ ಕೆಳಗಿನ ಗದ್ದೆಗೆ ನೀರು. ಬೇಸಿಗೆಯಲ್ಲಿ ನೀರು ಹಿಂಜರಿದಾಗ ಕೆರೆಯಂಗಳದಲ್ಲಿ ದನಗಳಿಗೆ ಹಸಿ ಹುಲ್ಲು, ಕುಂಬಾರನಿಗೆ ಜೇಡಿ, ರೈತನ ಗಾಡಿಗೆ ಗೊಬ್ಬರದಂಥ ಹೂಳು. ಹೂಳೆತ್ತುವುದು ಬೇರೆಯೇ ಒಂದು ಯೋಜನೆಯಾಗಿರಲಿಲ್ಲ. ಹೂಳು ಬೇಕಾದವರು ಒಯ್ಯುತ್ತಿದ್ದರು, ಕೆರೆ ಆಳವಾಗುತ್ತಿತ್ತು. ದಂಡೆಯ ಗುಂಡುತೋಪಿನಲ್ಲಿ ಮಾವು, ಹಲಸು, ನೇರಳೆ. ಅಶ್ವತ್ಥಕಟ್ಟೆಯ ಮೇಲೆ ಪಂಚಾಯಿತಿ. ಒಂದೇ ಒಂದು ಎಕರೆ ವರ್ಷದಲ್ಲಿ ನಾಲ್ಕು ಕಸುಬಿನವರಿಗೆ ಸೇರುತ್ತಿತ್ತು.

ಕೊಂಚ ಲೆಕ್ಕ ಹಾಕೋಣ, ಏಕೆಂದರೆ ಕೆರೆಯ ರಸ ಅದರ ಲೆಕ್ಕದಲ್ಲೂ ಇದೆ. ಗೊಟ್ಟಿಗೆರೆ ಕೆರೆ ಸುಮಾರು 37 ಎಕರೆ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. ಕೆರೆಯ ಮೈಮೇಲೆ ನೇರವಾಗಿ ಬೀಳುವ ಮಳೆಯೇ 14 ಕೋಟಿ ಲೀಟರಿನಷ್ಟಾಗುತ್ತದೆ. ಆದರೆ ವರ್ಷವಿಡೀ ಬಿಸಿಲು, ಗಾಳಿ ಸೇರಿ ಅಷ್ಟನ್ನೂ ಅದಕ್ಕಿಂತ ಹೆಚ್ಚನ್ನೂ ಆವಿ ಮಾಡಿ ಒಯ್ಯುತ್ತವೆ. ಆಕಾಶವನ್ನೇ ನಂಬಿದರೆ ಕೆರೆ ಬತ್ತಲೇಬೇಕು. ಅದನ್ನು ಬದುಕಿಸುವುದು ಸುತ್ತಣ ನೆಲದಿಂದ ಕಾಲುವೆಗಳಲ್ಲಿ ಹರಿದು ಬರುವ ನೀರು. ಆ ಸುತ್ತಣ ನೆಲ ಈಗ ಮನೆ, ಬಡಾವಣೆ, ರಸ್ತೆಯಾಗಿದೆ. ಬನ್ನೇರುಘಟ್ಟ ರಸ್ತೆ, ನೈಸ್ ರಸ್ತೆ ಸಂಧಿಸುವುದು ಇಲ್ಲಿಯೇ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ 21 ಕಿಲೋಮೀಟರ್ ಮೆಟ್ರೊ ಮಾರ್ಗದ ದಕ್ಷಿಣ ತುದಿಯೂ ಇಲ್ಲಿದೆ. ಇನ್ನು ಮುಂದೆ ಈ ಕೆರೆಯ ಜಲಾನಯನ ಎಂದರೆ ತಾರಸಿಗಳು. 30–40 ಅಡಿಯ ಒಂದು ನಿವೇಶನದ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಕಟ್ಟಡ ಕಟ್ಟುವವರು ತಿಳಿದೋ ತಿಳಿಯದೆಯೋ ಕೆರೆಯ ಅಂಗವನ್ನೇ ಕಟ್ಟುತ್ತಿದ್ದಾರೆ. ತಿಳಿದು ಕಟ್ಟಿದರೆ ಅದು ಚೆಲುವಾಗುತ್ತದೆ ಎಂಬುದು ನನ್ನ ನಂಬಿಕೆ.

ತಿಳಿದು ಕಟ್ಟಿದ್ದು ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಅದೇ ಬನ್ನೇರುಘಟ್ಟ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಬಿಳೇಕಹಳ್ಳಿಯ ಐಐಎಂ ಇದೆ. 1970ರ ದಶಕದ ಕೊನೆಯಲ್ಲಿ ಬಾಲಕೃಷ್ಣ ದೋಶಿ ಅದನ್ನು ರೂಪಿಸಿದರು. 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. ಫತೇಪುರ್ ಸಿಕ್ರಿಯ ಅಂಗಳ–ಮೊಗಸಾಲೆಗಳ ನೆನಪನ್ನು ಬೆಂಗಳೂರಿನ ಬೂದುಗಲ್ಲಿಗೆ ಒಗ್ಗಿಸಿದರು. ಅಲ್ಲಿಯ ಉದ್ದನೆಯ ಪಡಸಾಲೆಗಳಲ್ಲಿ ನಡೆಯುವಾಗ ಒಳಗಿದ್ದೇವೋ ಹೊರಗಿದ್ದೇವೋ ಎಂಬ ಎಣಿಕೆ ತಪ್ಪಿಹೋಗುತ್ತದೆ. ತಲೆಯ ಮೇಲೆ ಕೆಲವೆಡೆ ಸೂರು, ಕೆಲವೆಡೆ ಬರಿಯ ತೊಲೆಗಳ ಚಪ್ಪರ, ಕೆಲವೆಡೆ ಬಳ್ಳಿ. ಬಿಸಿಲು ಪಟ್ಟಿಪಟ್ಟಿಯಾಗಿ ಕಲ್ಲಿನ ಮೇಲೆ ಬಿದ್ದು, ಹೊತ್ತು ಏರಿದಂತೆ ಜರುಗುತ್ತದೆ. ಉಳಿಪೆಟ್ಟಿನ ಗುರುತುಳ್ಳ ಒರಟು ಗ್ರಾನೈಟ್ ಗೋಡೆಗೆ ಸುಣ್ಣ ಬೇಡ, ಬಣ್ಣ ಬೇಡ. ಮಳೆ ಬಿದ್ದಾಗ ಅದು ಕಪ್ಪಾಗುತ್ತದೆ, ಒಣಗಿದಾಗ ಬೆಳ್ಳಗಾಗುತ್ತದೆ, ನಡುವೆ ಹಾವಸೆಯ ಹಸಿರು. ಹವೆಯ ಬದಲಾವಣೆಯನ್ನು ಗೋಡೆಯೇ ಹೇಳುವ ಕಟ್ಟಡ ಅದು. ನಡುಹಗಲಿನಲ್ಲೂ ಅಲ್ಲಿ ಸುಳಿಗಾಳಿ ಇರುತ್ತದೆ. ನೆರಳನ್ನು ಒಂದು ಸಾಮಗ್ರಿಯ ಹಾಗೆ, ಇಟ್ಟಿಗೆ ಕಲ್ಲುಗಳಷ್ಟೇ ಎಣಿಸಿ ಬಳಸಿದ್ದಕ್ಕೆ ಸಿಕ್ಕ ಫಲ ಅದು.

ಅಲ್ಲಿ ಕೆರೆಯ ದಂಡೆ ಇಲ್ಲ, ನಿಜ. ದಂಡೆಯ ಮೇಲೆ ಕಟ್ಟಿದ್ದನ್ನು ನೋಡಲು ಶ್ರೀಲಂಕಾದ ಕಂಡಲಮಕ್ಕೆ ಹೋಗಬೇಕು. ಡಂಬುಲ್ಲದ ಬಳಿ ಪುರಾತನ ಕೆರೆಯೊಂದರ ಮಗ್ಗುಲಿನ ಬಂಡೆಯ ಮೇಲೆ ವಾಸ್ತುಶಿಲ್ಪಿ ಜೆಫ್ರಿ ಬಾವಾ ಒಂದು ಹೋಟೆಲು ಕಟ್ಟಿದರು, 1990ರ ದಶಕದ ಮೊದಲ ಭಾಗದಲ್ಲಿ. ಬಂಡೆಯ ಮೈಯನ್ನು ಅಪ್ಪಿಕೊಂಡು ಹಬ್ಬಿದ ಬಹು ಉದ್ದನೆಯ ಕಟ್ಟಡ. ಕೆಲವೆಡೆ ಬಂಡೆಯೇ ಒಳಗೆ ಬಂದು ಗೋಡೆಯಾಗಿದೆ. ತಾರಸಿಯ ಮೇಲೆ ಗಿಡ, ಮುಂಗಡೆಯ ಮರದ ಚೌಕಟ್ಟುಗಳ ತುಂಬ ಬಳ್ಳಿ. ಈಗ ಕೆರೆಯ ಆಚೆ ದಡದಿಂದ ನೋಡುವವರಿಗೆ ಕಾಡು ಕಾಣುತ್ತದೆ, ಕಟ್ಟಡವನ್ನು ಹುಡುಕಬೇಕು. ನೀರಂಚಿನ ಎಷ್ಟೋ ಕಟ್ಟಡಗಳು ನೀರನ್ನು ನೋಡುವ ಆಸೆಯಿಂದ ಹುಟ್ಟಿದವು. ನೀರಿನ ಕಡೆಯಿಂದ ತಾನು ಹೇಗೆ ಕಾಣುತ್ತೇನೆಂದು ಕೇಳಿಕೊಂಡ ಕಟ್ಟಡ ಇದು. ಬೆಳ್ಳಕ್ಕಿಯ ಕಣ್ಣಿಗೆ, ಆಚೆ ದಡದ ಮೀನುಗಾರನ ಕಣ್ಣಿಗೆ ಸಲ್ಲಿಸಿದ ಗೌರವ ಅದು.

ಮಣ್ಣಿನ ವಿಷಯಕ್ಕೆ ಬರುತ್ತೇನೆ, ನನಗೆ ಎಲ್ಲಕ್ಕಿಂತ ಪ್ರಿಯವಾದ ವಿಷಯ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು, ಹಳ್ಳಿಗಳಿಗೆ ಬೇಕಾದ ವಿಜ್ಞಾನವನ್ನು ಹುಡುಕಲು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯನ್ನು ಹದಕ್ಕೆ ತಂದರು. ಕೆಂಪುಮಣ್ಣಿಗೆ ಬೇಕಾದಷ್ಟು ಮರಳು, ನೂರಕ್ಕೆ ಏಳೆಂಟು ಪಾಲು ಸಿಮೆಂಟು, ಸ್ವಲ್ಪ ತೇವ. ಕೈಯಿಂದ ಒತ್ತುವ ಯಂತ್ರದಲ್ಲಿಟ್ಟು ಒತ್ತಿದರೆ ಅಂಚು ಚೂಪಾದ ಇಟ್ಟಿಗೆ ಹೊರಬರುತ್ತದೆ. ಭಟ್ಟಿಯಿಲ್ಲ, ಸೌದೆಯಿಲ್ಲ, ಹೊಗೆಯಿಲ್ಲ. ಮೂರು ನಾಲ್ಕು ವಾರ ನೀರುಣಿಸಿದರೆ ಸಾಕು. ವಿದ್ಯಾರಣ್ಯಪುರದ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಈ ಇಟ್ಟಿಗೆಯಿಂದ ಬೆಂಗಳೂರಿನಲ್ಲಿ ಎಷ್ಟೋ ಮನೆಗಳನ್ನು ಕಟ್ಟಿದ್ದಾರೆ. ಅವರ ಒಂದು ಕ್ರಮ ನನಗೆ ಬಹಳ ಹಿಡಿಸುತ್ತದೆ. ನಿವೇಶನದಲ್ಲೇ ನೆಲಮಾಳಿಗೆ ತೋಡಿ, ಅಲ್ಲಿಂದ ಬಂದ ಮಣ್ಣನ್ನೇ ಗೋಡೆಗೆ ಬಳಸುವುದು. ಕೆಳಗೆ ತಂಪಾದ ಕೋಣೆ, ಮೇಲೆ ಅದೇ ನೆಲದ ಬಣ್ಣದ ಮನೆ. ಒಂದು ಲಾರಿ ಮಣ್ಣು ಹೊರಗೆ ಹೋಗಲಿಲ್ಲ, ಒಂದು ಲಾರಿ ಇಟ್ಟಿಗೆ ಒಳಗೆ ಬರಲಿಲ್ಲ.

ಗಿಲಾವು ಮಾಡದ ಅಂಥ ಗೋಡೆಯನ್ನು ಸಂಜೆಯ ಬಿಸಿಲಿನಲ್ಲಿ ನೋಡಬೇಕು. ಒಂದೊಂದು ಸಾಲಿನ ಕೆಂಪು ಒಂದೊಂದು ಛಾಯೆ. ಆ ದಿನ ಕಲಸಿದ ಮಣ್ಣಿನಲ್ಲಿ ಜೇಡಿ ಸ್ವಲ್ಪ ಹೆಚ್ಚಿತ್ತು, ಈ ದಿನ ಮರಳು ಹೆಚ್ಚಿತ್ತು ಎಂದು ಗೋಡೆ ತನ್ನ ದಿನಚರಿಯನ್ನು ತೆರೆದು ತೋರಿಸುತ್ತದೆ. ಅಂಗೈ ಇಟ್ಟರೆ ಬೆಚ್ಚಗಿನ ಒರಟು. ಕೆರೆ ಏರಿಯದೂ ಇದೇ ಮಣ್ಣು. ಏರಿ ಮಣ್ಣಿನದು, ಮನೆಯೂ ಮಣ್ಣಿನದು ಆದರೆ, ಅವೆರಡೂ ಅಕ್ಕಪಕ್ಕ ನಿಂತಾಗ ಕಣ್ಣಿಗೆ ಜಗಳ ಕಾಣದು. ಎತ್ತರದ ಕಟ್ಟಡಗಳಿಗೆ ಕಾಂಕ್ರೀಟಿನ ಚೌಕಟ್ಟು ಬೇಕೇ ಬೇಕು, ಅದನ್ನು ಒಪ್ಪೋಣ. ಆದರೆ ಚೌಕಟ್ಟಿನ ನಡುವೆ ತುಂಬುವ ಗೋಡೆಯನ್ನು ಮಣ್ಣಿನ ಇಟ್ಟಿಗೆಯಿಂದ ಕಟ್ಟಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ನಾಲ್ಕು ಅಂತಸ್ತಿನೊಳಗೆ ನಿಲ್ಲುವುದಾದರೆ ಸೈಜುಗಲ್ಲಿನ ಅಡಿಪಾಯ, ಮಣ್ಣಿನ ಗೋಡೆ, ನಡುವೆ ಹಂಚು ಹುದುಗಿಸಿ ಕಾಂಕ್ರೀಟು ಉಳಿಸಿದ ಸೂರು ಎಲ್ಲವೂ ಒಪ್ಪುತ್ತವೆ. ಏರಿಯ ಮರಗಳಿಗಿಂತ ಬಹಳ ಎತ್ತರ ಹೋಗದ ಕಟ್ಟಡವೇ ಗೊಟ್ಟಿಗೆರೆಗೆ ಚೆಂದ ಎಂದು ನನ್ನ ಕಣ್ಣು ಹೇಳುತ್ತದೆ.

ಇನ್ನು ನೀರು. ನೀರಂಚಿನ ಕಟ್ಟಡದ ಪರೀಕ್ಷೆ ಕೊನೆಗೂ ನಡೆಯುವುದು ಅದರ ಮೋರಿಯಲ್ಲಿ. ಗೊಟ್ಟಿಗೆರೆಗೆ ಹತ್ತಿರವೇ, ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿಯಲ್ಲಿ ಹದಿಮೂರು ಎಕರೆಯಷ್ಟು ಪುಟ್ಟ ಕೆರೆಯೊಂದಿದೆ. ಸುತ್ತ ಊರು ಬೆಳೆದು ಕಾಲುವೆಗಳು ಮುಚ್ಚಿದಾಗ ಕೆರೆ ಬಡವಾಯಿತು. 2010ರಲ್ಲಿ ನೆರೆಹೊರೆಯ ನಿವಾಸಿಗಳೇ ಟ್ರಸ್ಟು ಕಟ್ಟಿಕೊಂಡು ಅದರ ಆರೈಕೆಗೆ ನಿಂತರು. ಮಳೆಯೊಂದರಿಂದ ಕೆರೆ ತುಂಬದು ಎಂದಾದಾಗ, ಪಕ್ಕದ ದೊಡ್ಡ ವಸತಿ ಸಮುಚ್ಚಯದ ಬಳಸಿದ ನೀರನ್ನು ಶುದ್ಧಮಾಡಿ ಕೆರೆಗೆ ತಂದರು. ಇದರ ಸೊಗಸನ್ನು ನಿಧಾನವಾಗಿ ನೆನೆಯಬೇಕು. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಏರಿ ಬಂದು ಯಾರದೋ ಮನೆಯ ನಲ್ಲಿಯಲ್ಲಿ ಇಳಿಯುತ್ತದೆ. ಪಾತ್ರೆ ತೊಳೆದು, ಮೈ ತೊಳೆದು ಹೊರಬಂದ ಆ ನೀರು ಮೋರಿಗೆ ಹೋಗಿ ಮರೆಯಾಗಬೇಕಿತ್ತು. ಈಗ ಅದೇ ನೀರಿನಲ್ಲಿ ಗುಳುಮುಳುಕ ಮುಳುಗಿ ಏಳುತ್ತದೆ, ನಾಮದಕೋಳಿ ಮರಿ ಮಾಡುತ್ತದೆ. ಬಾಲ್ಕನಿಯಲ್ಲಿ ನಿಂತು ಹೆಜ್ಜಾರ್ಲೆಯನ್ನು ನೋಡುವವರೇ ಅದಕ್ಕೆ ನೀರು ಕೊಟ್ಟವರು. ಕಟ್ಟಡಕ್ಕೂ ಕೆರೆಗೂ ಇದಕ್ಕಿಂತ ನಿಕಟವಾದ ನಂಟನ್ನು ಯಾವ ಶಿಲ್ಪಿಯೂ ಕಾಗದದ ಮೇಲೆ ಬರೆಯಲಾರ.

ಊರಿನ ಉತ್ತರಕ್ಕೆ ಜಕ್ಕೂರಿನಲ್ಲಿ ಇದೇ ಕೆಲಸ ದೊಡ್ಡದಾಗಿ ನಡೆದಿದೆ. ಮೊದಲಿಗೆ ದಿನಕ್ಕೆ ಒಂದು ಕೋಟಿ ಲೀಟರ್ ಶುದ್ಧಮಾಡುವ ಘಟಕ ಕಟ್ಟಿದರು. ಅಲ್ಲಿಂದ ಹೊರಟ ನೀರು ನೇರ ಕೆರೆಗೆ ಬೀಳದೆ, ಜೊಂಡು, ಆಪು ಬೆಳೆದ ಜೌಗಿನ ಮೂಲಕ ಹಾದು ಬರುತ್ತದೆ. ಯಂತ್ರದಿಂದ ತಪ್ಪಿಸಿಕೊಂಡ ಸಾರಜನಕವನ್ನೂ ರಂಜಕವನ್ನೂ ಬೇರುಗಳು ಹೀರಿಕೊಳ್ಳುತ್ತವೆ. ಜೊಂಡಿನ ಬುಡದಲ್ಲಿ ನೀರು ಅವಸರ ಬಿಟ್ಟು, ಹೊತ್ತು ತಂದದ್ದನ್ನು ಕೆಳಗಿಳಿಸಿ, ಮುಂದಿನ ತುದಿಯಲ್ಲಿ ಹಗುರಾಗಿ ಹೊರಬರುತ್ತದೆ. ಅಲ್ಲಿ ನೇರಳೆ ಜಂಬುಕೋಳಿ ಉದ್ದ ಬೆರಳುಗಳನ್ನು ಎಣಿಸಿಟ್ಟಂತೆ ನಡೆಯುತ್ತದೆ. ಆಚೆಗೆ ತೆಪ್ಪದಲ್ಲಿ ಮೀನುಗಾರರು. ಕೆರೆಯ ಸುತ್ತಣ ಬಾವಿಗಳಲ್ಲೂ ನೀರು. ಗೊಟ್ಟಿಗೆರೆ ಸೇರಿರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರೇ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಆ ನೀರನ್ನು ಇನ್ನೂ ಹೆಚ್ಚು ಶುದ್ಧ ಮಾಡಬೇಕೆಂಬ ಕೋಲಾರದ ಜನರ ಬೇಡಿಕೆ ನ್ಯಾಯವಾದದ್ದು. ಅದನ್ನು ಈಡೇರಿಸುವ ಕೆಲಸ ನಮ್ಮ ಬಚ್ಚಲಿನಿಂದಲೇ ಶುರುವಾಗಬೇಕು.

ದೂರದ ಸ್ಟಾಕ್‌ಹೋಮಿನ ಹಮ್ಮರ್ಬಿ ಶೋಸ್ಟಾಡ್ ಬಡಾವಣೆಯನ್ನು ಇಂಥ ಕೆಲಸಕ್ಕೆ ಎಲ್ಲರೂ ಹೆಸರಿಸುತ್ತಾರೆ. ಕಾರ್ಖಾನೆಗಳಿದ್ದ ಕೊಳಕು ದಂಡೆಯಲ್ಲಿ 1990ರ ದಶಕದಿಂದ ಮನೆ, ಅಂಗಡಿ, ಶಾಲೆಗಳನ್ನು ಬೆಸೆದು ಕಟ್ಟಿದರು, ಕೊಳಚೆಯಿಂದ ಅಡುಗೆ ಅನಿಲ ತೆಗೆದರು, ಮಳೆನೀರನ್ನು ತೆರೆದ ಕಾಲುವೆಗಳಲ್ಲಿ ಹಾಯಿಸಿದರು. ಕೊನೆಯದು ನನಗೆ ಮುಖ್ಯ. ಮಳೆನೀರನ್ನು ಕೊಳವೆಯೊಳಗೆ ಅಡಗಿಸದೆ ಮಕ್ಕಳ ಕಣ್ಣೆದುರು ಹರಿಯಲು ಬಿಟ್ಟರು. ನಮ್ಮ ರಾಜಕಾಲುವೆಗಳೂ ಒಂದು ಕಾಲದಲ್ಲಿ ಹಾಗೆಯೇ ಇದ್ದವು, ಹುಲ್ಲು ಬೆಳೆದ ದಡ, ಮರಳ ತಳ. ಅವುಗಳಿಗೆ ಈಗ ಕಾಂಕ್ರೀಟಿನ ಎತ್ತರದ ಗೋಡೆ ಕಟ್ಟಿ ಮೋರಿಯ ರೂಪ ಕೊಟ್ಟದ್ದು ನನಗೆ ನೋವು ತರುತ್ತದೆ.

ತಾರಸಿಯ ಮಳೆಯನ್ನು ಇಂಗಿಸುವ ಬಾವಿಗಳ ಬಗ್ಗೆಯೂ ಒಂದು ಮಾತು. ಸಿಮೆಂಟಿನ ಉಂಗುರಗಳನ್ನು ಒಂದರ ಮೇಲೊಂದು ಇಳಿಸಿ, ಸಂದಿಗೆ ಗಾರೆ ಹಾಕದೆ ಬಿಟ್ಟ ಇಪ್ಪತ್ತು ಮೂವತ್ತು ಅಡಿಯ ಇಂಗುಬಾವಿಗಳನ್ನು ಬೆಂಗಳೂರಿನ ಸುತ್ತ ಈಗಲೂ ಕೈಯಿಂದ ತೋಡುವವರು ಮಣ್ಣು ವಡ್ಡರು, ತಲೆತಲಾಂತರದಿಂದ ಕೆರೆ ಬಾವಿ ತೋಡಿದ ಭೋವಿ ಸಮುದಾಯದವರು. ಯಾವ ಆಳದಲ್ಲಿ ಮಣ್ಣಿನ ಬಣ್ಣ ಬದಲಾಗುತ್ತದೆ, ಎಲ್ಲಿ ನೀರು ಕುಡಿಯುವ ಪದರ ಸಿಗುತ್ತದೆ ಎಂದು ಗುದ್ದಲಿಯ ಸದ್ದಿನಲ್ಲೇ ಹೇಳಬಲ್ಲವರು. ನೀರಂಚಿನಲ್ಲಿ ಹೊಸದಾಗಿ ಕಟ್ಟುವವರು ಅವರನ್ನು ಮೊದಲು ಕರೆಸಿ ನೆಲವನ್ನು ಓದಿಸಬೇಕು, ನಕ್ಷೆ ಆಮೇಲೆ ಬರಲಿ. 2009ರಿಂದ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಾನೂನಿನ ಕಟ್ಟಳೆ. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಉದ್ಯಾನವೇ ಇದೆ, ಅದನ್ನು ನೋಡದ ಮನೆಕಟ್ಟುವವರು ಒಮ್ಮೆ ನೋಡಿ ಬರಲಿ.

ಕಟ್ಟದೆ ಬಿಟ್ಟ ಜಾಗದ ಸೊಗಸನ್ನು ಹೇಳದೆ ಈ ಮಾತು ಪೂರ್ತಿಯಾಗದು. ಕೆರೆಯ ಅಂಚಿನಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕು ಎಂಬುದು ಈ ಊರಿನಲ್ಲಿ ನ್ಯಾಯಾಲಯದವರೆಗೆ ಹೋದ ಪ್ರಶ್ನೆ. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ, ನಗರ ಯೋಜನೆಯ 30 ಮೀಟರಿಗೇ ಮರಳಿಸಿತು. ಅದೇ ವರ್ಷ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯ ಕೆಳಗೆ ಒಂದು ಕಾಲಕ್ಕೆ ಗದ್ದೆ ಇತ್ತು, ನೀರು ಬಂದರೆ ಹೀರಿಕೊಳ್ಳುತ್ತಿತ್ತು. ಈಗ ಅಲ್ಲಿ ಮಂಚ, ಪುಸ್ತಕ, ಮಕ್ಕಳ ಆಟಿಕೆ ಇವೆ. ಕಾನೂನು ಕನಿಷ್ಠ ಎಷ್ಟು ಎಂದು ಹೇಳಬಲ್ಲದು. ಒಳ್ಳೆಯ ಶಿಲ್ಪಿ ಅದಕ್ಕಿಂತ ಹಿಂದೆ ಸರಿದು ನಿಲ್ಲುತ್ತಾನೆ, ಸರಿದ ಜಾಗದಲ್ಲಿ ಹೊಂಗೆ, ನೇರಳೆ, ಬೈನೆ ಬೆಳೆಯಲು ಬಿಡುತ್ತಾನೆ. ಆ ಪಟ್ಟಿಯಲ್ಲಿ ಕಪ್ಪೆ ಮೊಟ್ಟೆಯಿಡುತ್ತದೆ, ಮಿಂಚುಳ್ಳಿ ಕೊಂಬೆ ಹುಡುಕುತ್ತದೆ, ಸುತ್ತಲಿನ ಬೀದಿಗಳ ಅಜ್ಜಿಯರು ಬೆಳಿಗ್ಗೆ ನಡೆಯುತ್ತಾರೆ. ಬೇಲಿ ಹಾಕಿ ಒಂದು ಸಮುಚ್ಚಯದವರಿಗೆ ಮಾತ್ರ ಮೀಸಲಿಟ್ಟ ದಂಡೆ ಎಷ್ಟೇ ಹಸಿರಾಗಿದ್ದರೂ ನನ್ನ ಮನಸ್ಸಿಗೆ ಅದು ಕೆರೆದಂಡೆ ಅನ್ನಿಸುವುದಿಲ್ಲ.

ಗೊಟ್ಟಿಗೆರೆಯ ಸುತ್ತ ಇನ್ನೂ ಕಟ್ಟಡಗಳು ಏಳುತ್ತವೆ, ಮೆಟ್ರೊ ಬಂದ ಮೇಲೆ ಹೆಚ್ಚು ಏಳುತ್ತವೆ. ಅವು ಏಳಲಿ, ಅಲ್ಲಿ ಜನ ಬಾಳಲಿ. ಕೆರೆಯ ನೋಟವಿರುವ ಮನೆ ಎಂಬ ಜಾಹೀರಾತು ನೋಡಿ ಕೊಳ್ಳಲು ಹೋಗುವ ಓದುಗರಲ್ಲಿ ನನ್ನದೊಂದು ಕೋರಿಕೆ. ಮಾದರಿ ಮನೆಯ ಅಡುಗೆಮನೆ, ಬಾಲ್ಕನಿ ನೋಡಿದ ಮೇಲೆ ಕೆಳಗಿಳಿದು ಬಂದು, ಈ ಕಟ್ಟಡದ ಬಳಸಿದ ನೀರು ಎಲ್ಲಿಗೆ ಹೋಗುತ್ತದೆ, ತಾರಸಿಯ ಮಳೆ ಯಾವ ಕಾಲುವೆ ಸೇರುತ್ತದೆ ಎಂದು ಕೇಳಿ. ಬಾಯಿಮಾತಿಗೆ ಒಪ್ಪದೆ, ಆ ಕಾಲುವೆಯ ಬಾಯಿಯವರೆಗೆ ನಡೆದುಕೊಂಡು ಹೋಗಿ ಕಣ್ಣಾರೆ ನೋಡಿ. ಅಲ್ಲಿ ಬೀಳುವ ನೀರು ತಿಳಿಯಾಗಿದ್ದರೆ ಮನೆ ಕೊಳ್ಳಿ.